ಬಸಿದ ನೀರಿನ ಲೆಕ್ಕ

ಮಂಡ್ಯ ಸೀಮೆಯ ಸಂಸಾರ ಎಂಥದ್ದು ಎಂದು ತಿಳಿಯಬೇಕಾದರೆ ಬಸ್ಸಾರು ಮಾಡುವುದನ್ನು ನೋಡಬೇಕು. ಹುರುಳಿಯನ್ನೋ ಅಲಸಂದೆಯನ್ನೋ ತೊಗರಿಬೇಳೆಯನ್ನೋ ಬೇಯಲು ಹಾಕುತ್ತಾರೆ. ಅದು ಮುಕ್ಕಾಲು ಬೆಂದಾಗ ಸೊಪ್ಪು ಬೀಳುತ್ತದೆ. ಎರಡೂ ಹದಕ್ಕೆ ಬಂದ ಮೇಲೆ ನೀರನ್ನು ಬಸಿದುಕೊಳ್ಳುತ್ತಾರೆ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು, ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಉರಿಯಲ್ಲಿ ಎರಡು ಅಡುಗೆ. ಉಪ್ಸಾರಿನ ಮನೆಯಲ್ಲಿ ಅಷ್ಟೂ ಕೆಲಸವಿಲ್ಲ. ಬಸಿದ ನೀರಿಗೆ ಉಪ್ಪು, ತಟ್ಟೆಯ ಅಂಚಿಗೆ ಖಾರದ ಉಂಡೆ, ನಡುವೆ ಬಿಸಿ ಮುದ್ದೆ. ಬೇಯಿಸಿದ ನೀರನ್ನು ಬಚ್ಚಲಿಗೆ ಚೆಲ್ಲುವುದು ಈ ಅಡುಗೆಮನೆಗೆ ಗೊತ್ತೇ ಇರಲಿಲ್ಲ.

ಲೆಕ್ಕ ಅಲ್ಲಿಗೂ ನಿಲ್ಲುತ್ತಿರಲಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ತಟ್ಟೆ ತೊಳೆದ ಮುಸುರೆ ಕಲಗಚ್ಚಿನ ಬಾನಿಗೆ ಸೇರುತ್ತಿದ್ದವು. ಅದನ್ನು ಹಸು ಕುಡಿಯುತ್ತಿತ್ತು. ಹಸುವಿನ ಸಗಣಿ, ಒಲೆಯ ಬೂದಿ, ಕೊಟ್ಟಿಗೆಯಲ್ಲಿ ಉಳಿದ ಹುಲ್ಲು ತಿಪ್ಪೆಗೆ ಬೀಳುತ್ತಿದ್ದವು. ತಿಪ್ಪೆ ಬೇಸಿಗೆಯಲ್ಲಿ ಗಾಡಿ ಹತ್ತಿ ಹೊಲಕ್ಕೆ ಹೋಗುತ್ತಿತ್ತು. ಬಚ್ಚಲ ನೀರು ಹಿತ್ತಲ ಬಾಳೆಯ ಬುಡಕ್ಕೆ, ಬಾಳೆಯ ಎಲೆ ಹಬ್ಬದ ಊಟಕ್ಕೆ, ಉಂಡ ಎಲೆ ಮತ್ತೆ ಹಸುವಿನ ಮುಂದಕ್ಕೆ. ಇದನ್ನು ಯಾರೂ ಪರಿಸರ ರಕ್ಷಣೆ ಎಂದುಕೊಂಡಿರಲಿಲ್ಲ. ದುಡ್ಡಿಲ್ಲದ ಮನೆ ನಡೆಯಬೇಕಿತ್ತು, ನಡೆಯುತ್ತಿತ್ತು.

2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಪರಿಸರಸ್ನೇಹಿ ಜೀವನಶೈಲಿಯ ಮಾತನ್ನು ಭಾರತ ಎತ್ತಿತು. ಮರುವರ್ಷ ಅದು ‘ಮಿಷನ್ ಲೈಫ್’ ಎಂಬ ಕಾರ್ಯಕ್ರಮವಾಯಿತು. ನಲ್ಲಿ ನಿಲ್ಲಿಸಿ, ಬಟ್ಟೆಚೀಲ ಹಿಡಿಯಿರಿ, ಅಡುಗೆಮನೆಯ ಕಸದಿಂದ ಗೊಬ್ಬರ ಮಾಡಿ ಎಂದು ಸಾಗುವ ಉದ್ದನೆಯ ಪಟ್ಟಿ ಅದರಲ್ಲಿದೆ. ಮಳವಳ್ಳಿ ಕಡೆಯ ಯಾವ ಅಜ್ಜಿಗೆ ಓದಿ ಹೇಳಿದರೂ ‘ಇದನ್ನೂ ಏಳಿಕೊಡಬೇಕೇನಪ್ಪಾ’ ಎಂದಾಳು. ಹಾಗೆಂದು ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು ಎಂದು ಬೀಗಿ ಕೂರುವುದರಲ್ಲೂ ಅರ್ಥವಿಲ್ಲ. ಹಸು, ಹಿತ್ತಲು, ತಿಪ್ಪೆಗುಂಡಿ ಮೂರೂ ಇದ್ದ ಮನೆಯಲ್ಲಿ ಮಾತ್ರ ಆ ಲೆಕ್ಕ ಕೂಡುತ್ತಿತ್ತು. ಮೂವತ್ತು-ನಲವತ್ತರ ಸೈಟಿನಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮನೆಯಲ್ಲಿ ಅದರಲ್ಲಿ ಯಾವುದು ಉಳಿದೀತು, ಯಾವುದು ಕೈಗೆ ಕಾಸು ಉಳಿಸೀತು ಎಂದು ಕೇಳಿಕೊಂಡರೆ ಉಪಯೋಗವಿದೆ.

ಸೊಪ್ಪಿನಿಂದಲೇ ಶುರು ಮಾಡೋಣ. ಬೆರಕೆ ಸೊಪ್ಪಿಗೆ ಮೊದಲು ಯಾರೂ ದುಡ್ಡು ಕೊಡುತ್ತಿರಲಿಲ್ಲ. ರಾಗಿ ಹೊಲದ ಸಾಲಿನಲ್ಲಿ ಅಣ್ಣೆ ಸೊಪ್ಪು, ಗದ್ದೆ ಬದುವಿನಲ್ಲಿ ಹೊನಗನ್ನೆ, ಬೇಲಿ ಬುಡದಲ್ಲಿ ಗಣಿಕೆ. ಕಳೆ ಕೀಳಲು ಹೋದ ಹೆಂಗಸರ ಮಡಿಲಲ್ಲಿ ಸಂಜೆಯ ಸಾರು ಮನೆಗೆ ಬರುತ್ತಿತ್ತು. ಈಗ ಬದುವಿಗೆ ಕಳೆನಾಶಕ ಹೊಡೆಯುತ್ತಾರೆ. ಆಳು ಸಿಗುವುದಿಲ್ಲ, ಕೂಲಿ ಕೊಟ್ಟು ಪೂರೈಸುವುದಿಲ್ಲ ಎಂಬ ರೈತನ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಔಷಧಿಗೆ ಕೊಟ್ಟ ದುಡ್ಡಿನ ಜೊತೆಗೆ ಸೊಪ್ಪಿನ ದುಡ್ಡನ್ನೂ ಸೇರಿಸಿ ನೋಡುವವರು ಕಡಿಮೆ. ಹೊಲವಿರುವ ಮನೆಯವರೂ ಸಂತೆಯಲ್ಲಿ ದಂಟಿನ ಕಟ್ಟು ಕೊಳ್ಳುವುದನ್ನು ಮದ್ದೂರಿನಲ್ಲೂ ಮಳವಳ್ಳಿಯಲ್ಲೂ ಕಾಣಬಹುದು. ಮನೆ ಹತ್ತಿರದ ಒಂದೆರಡು ಬದುವನ್ನಾದರೂ ಔಷಧಿ ಮುಟ್ಟಿಸದೆ ಬಿಟ್ಟುಕೊಂಡರೆ ವಾರಕ್ಕೆ ಎರಡು ದಿನದ ಸಾರು ಪುಕ್ಕಟೆ. ಹೊಲವಿಲ್ಲದವರಿಗೆ ನುಗ್ಗೆ ಮರವೊಂದು ಸಾಕು. ಅದು ಆರೈಕೆಯನ್ನೇ ಕೇಳದ ಮರ.

ಊಟ ಉಳಿಯುವ ವಿಷಯ. ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ನಂಚಿಕೊಂಡು ಬೆಳಗಿನ ಹೊಟ್ಟೆ ತುಂಬಿಸಿಕೊಂಡ ತಲೆಮಾರು ಇನ್ನೂ ನಮ್ಮ ನಡುವೆಯೇ ಇದೆ. ಅವರ ಮಕ್ಕಳ ಮನೆಯಲ್ಲಿ ಉಳಿದದ್ದು ಫ್ರಿಜ್ಜಿನಲ್ಲಿ ನಾಲ್ಕು ದಿನ ಕೂತು ಆಮೇಲೆ ಕಸಕ್ಕೆ ಹೋಗುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತು 105 ಕೋಟಿ ಟನ್ ಆಹಾರ ಎಸೆದಿದೆ. ಅದರಲ್ಲಿ ನೂರಕ್ಕೆ 60 ಪಾಲು ಎಸೆದದ್ದು ಹೋಟೆಲೂ ಅಂಗಡಿಯೂ ಅಲ್ಲ, ಮನೆಗಳು. ಮನೆಯ ಉಳಿತಾಯದಲ್ಲಿ ಇದಕ್ಕಿಂತ ನೇರವಾದದ್ದು ಇನ್ನೊಂದಿಲ್ಲ. ಎಸೆದ ಅನ್ನದಲ್ಲಿ ಅಕ್ಕಿಯ ದುಡ್ಡು, ಗ್ಯಾಸಿನ ದುಡ್ಡು, ಗದ್ದೆಗೆ ಬಿಟ್ಟ ನಾಲೆಯ ನೀರು ಮೂರೂ ಇರುತ್ತವೆ.

ಎಸೆದದ್ದು ಎಲ್ಲಿಗೆ ಹೋಗುತ್ತದೆ? ಕಲಗಚ್ಚಿನ ಬಾನಿ ಇದ್ದ ಜಾಗದಲ್ಲಿ ಈಗ ಪ್ಲಾಸ್ಟಿಕ್ ಕವರ್ ಇದೆ. ಅನ್ನ, ಸಿಪ್ಪೆ, ಮೊಟ್ಟೆ ಚಿಪ್ಪು, ಶಾಂಪೂ ಸ್ಯಾಷೆ ಎಲ್ಲವನ್ನೂ ಒಂದೇ ಕವರಿನಲ್ಲಿ ಕಟ್ಟಿ ಕಸದ ಗಾಡಿಗೆ ಹಾಕುತ್ತೇವೆ. ಗಾಳಿಯಾಡದ ಆ ಗಂಟು ಕಸದ ಗುಡ್ಡೆಯಲ್ಲಿ ಕೊಳೆತು ಮೀಥೇನ್ ಬಿಡುತ್ತದೆ. ನೂರು ವರ್ಷಗಳ ಅವಧಿಯ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತೇಳೆಂಟು ಪಟ್ಟು ಹೆಚ್ಚು ಬಿಸಿ ಮಾಡುತ್ತದೆ. ಅದೇ ಸಿಪ್ಪೆಯನ್ನು ತೂತು ಕೊರೆದ ಡ್ರಮ್ಮಿಗೆ ಹಾಕಿ, ಮೇಲೊಂದು ಪದರ ಒಣ ಎಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಹರಡಿ, ವಾರಕ್ಕೊಮ್ಮೆ ಕೆದಕಿದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರ. ವಾಸನೆ ಬಂತೆಂದರೆ ಒಣಗಿದ್ದು ಕಡಿಮೆಯಾಗಿದೆ ಎಂದರ್ಥ. ಕಬ್ಬಿನ ಹಾಲಿನ ಅಂಗಡಿ ಬೀದಿಗೊಂದು ಇರುವ ಮಂಡ್ಯದಲ್ಲಿ ಒಣ ಪದಾರ್ಥಕ್ಕೇನು ಬರ? ಬಿಸಿಲಲ್ಲಿ ಒಣಗಿಸಿದ ಕಬ್ಬಿನ ಸಿಪ್ಪೆಯನ್ನು ಕತ್ತರಿಸಿ ಹಾಕಿದರೂ ನಡೆಯುತ್ತದೆ.

ಸಿಪ್ಪೆಯ ಬೆಲೆ ಈ ಜಿಲ್ಲೆಗೆ ಹೊಸದಾಗಿ ಹೇಳಬೇಕಾದ್ದೂ ಅಲ್ಲ. ಆಲೆಮನೆಯಲ್ಲಿ ಹಾಲು ಹಿಂಡಿದ ಮೇಲೆ ಉಳಿಯುವ ರಚ್ಚನ್ನು ಅಂಗಳದಲ್ಲಿ ಹರಡಿ ಒಣಗಿಸಿ, ಅದನ್ನೇ ಕೊಪ್ಪರಿಗೆಯ ಕೆಳಗೆ ಉರಿಸುತ್ತಾರೆ. ಬೆಲ್ಲ ಕಾಯಿಸಲು ಬೇಕಾದ ಸೌದೆ ಕಬ್ಬಿನೊಳಗೇ ಬಂದಿರುತ್ತದೆ. 1933ರಲ್ಲಿ ಹುಟ್ಟಿದ ಮೈಷುಗರ್‌ನಿಂದ ಹಿಡಿದು ಜಿಲ್ಲೆಯ ಸಕ್ಕರೆ ಕಾರ್ಖಾನೆಗಳೆಲ್ಲ ಬಾಯ್ಲರಿಗೆ ಹಾಕುವುದೂ ಇದನ್ನೇ. ಹೊಲದಲ್ಲಿ ಮಾತ್ರ ಕಟಾವಾದ ಮೇಲೆ ಕಬ್ಬಿನ ತರಗಿಗೆ ಬೆಂಕಿ ಇಡುತ್ತಾರೆ. ಬೆಲೆ ತಿಳಿದ ಊರೇ ಹೊಲದಲ್ಲಿ ಅದನ್ನು ಮರೆಯುವುದು ನನಗೆ ಇವತ್ತಿಗೂ ಬಗೆಹರಿಯದ ಸಂಗತಿ. ಸಾಲಿನ ಮಧ್ಯೆ ಹೊದಿಸಿದ ತರಗು ತೇವ ಹಿಡಿಯುತ್ತದೆ, ಕಳೆ ತಡೆಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ.

ಹಳೆಯದೆಲ್ಲ ಒಳ್ಳೆಯದಲ್ಲ ಎನ್ನುವುದಕ್ಕೆ ಒಲೆಯೇ ಸಾಕ್ಷಿ. ಮೂರು ಕಲ್ಲಿನ ಒಲೆಗೆ ಹಾಕಿದ ಸೌದೆಯ ಶಾಖದಲ್ಲಿ ಹತ್ತನೆಯ ಒಂದು ಪಾಲು ಪಾತ್ರೆಗೆ ತಲುಪಿದರೆ ಹೆಚ್ಚು. ಉಳಿದದ್ದು ಗೋಡೆಗೆ, ಹೊಗೆಗೆ, ಊದುಕೊಳವೆ ಹಿಡಿದವಳ ಕಣ್ಣಿಗೆ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಸೌದೆ ಒಲೆಯ ಸಾರಿನ ರುಚಿಯನ್ನು ಹೊಗಳುವವರು ಹೆಚ್ಚಾಗಿ ಊಟಕ್ಕೆ ಕೂತವರೇ, ಒಲೆ ಮುಂದೆ ಕೂತವರಲ್ಲ.

ಇದನ್ನು ಗಂಭೀರವಾಗಿ ತೆಗೆದುಕೊಂಡವರು ನಮ್ಮಲ್ಲೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ವಿಭಾಗ ಶುರು ಮಾಡಿದರು. ಅಲ್ಲಿ ರೂಪುಗೊಂಡ ಅಸ್ತ್ರ ಒಲೆ ಸೌದೆಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿ, ಹೊಗೆಯನ್ನು ಕೊಳವೆಯಲ್ಲಿ ಸೂರಿನಾಚೆ ಕಳಿಸುತ್ತಿತ್ತು. ಮದ್ದೂರಿನ ಪಕ್ಕದ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರ ದನಗಳ ಸಗಣಿಯನ್ನು ಒಟ್ಟುಮಾಡಿ, ಅದರ ಅನಿಲದಿಂದ ಎಂಜಿನ್ ಓಡಿಸಿ, 1980ರ ದಶಕದ ಕೊನೆಯಲ್ಲಿ ಮನೆಗಳಿಗೆ ದೀಪ ಮತ್ತು ಕುಡಿಯುವ ನೀರು ಕೊಟ್ಟರು. ಸಗಣಿ ತಂದು ಕೊಟ್ಟ ಮನೆಗೆ ಅನಿಲ ತೆಗೆದ ಬಗ್ಗಡ ಗೊಬ್ಬರವಾಗಿ ವಾಪಸು ಹೋಗುತ್ತಿತ್ತು. ತಿಪ್ಪೆಗೆ ಏನೂ ಕಡಿಮೆಯಾಗುತ್ತಿರಲಿಲ್ಲ, ನಡುವೆ ಒಂದು ದೀಪ ಹೆಚ್ಚುವರಿಯಾಗಿ ಉರಿಯುತ್ತಿತ್ತು.

ಗೋಬರ್ ಗ್ಯಾಸಿನ ಲೆಕ್ಕ ಈ ಜಿಲ್ಲೆಗೆ ಇವತ್ತಿಗೂ ಸರಿಹೊಂದುತ್ತದೆ. ಜಿಲ್ಲಾ ಹಾಲು ಒಕ್ಕೂಟ ಇರುವುದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಸುತ್ತಮುತ್ತ ಎರಡು ಸೀಮೆಹಸು ಕಟ್ಟಿ ಡೇರಿಗೆ ಹಾಲು ಹಾಕುವ ಮನೆಗಳಿಗೆ ಕೊರತೆಯಿಲ್ಲ. ದಿನಕ್ಕೆ 25 ಕಿಲೋ ಸಗಣಿಯಿಂದ ಸುಮಾರು ಒಂದು ಘನ ಮೀಟರ್ ಅನಿಲ ಸಿಗುತ್ತದೆ. ಅದು ನಾನೂರು ಗ್ರಾಂಗೂ ಸ್ವಲ್ಪ ಹೆಚ್ಚು ಎಲ್‌ಪಿಜಿಗೆ ಸಮ. ತಿಂಗಳಿಗೆ 13 ಕಿಲೋ ಆಯಿತು. ಸಿಲಿಂಡರಿನಲ್ಲಿ ಇರುವುದು 14.2 ಕಿಲೋ. ಎರಡು ಹಸುವಿನ ಸಗಣಿ ಎಂದರೆ ತಿಂಗಳಿಗೆ ಹತ್ತಿರ ಹತ್ತಿರ ಒಂದು ಸಿಲಿಂಡರ್. ಹಾಗಿದ್ದೂ ಹಳೆಯ ಗುಂಡಿಗಳು ಮುಚ್ಚಿಹೋದವು. ಡ್ರಮ್ಮು ತುಕ್ಕು ಹಿಡಿಯಿತು, ರಿಪೇರಿಗೆ ಜನ ಸಿಗಲಿಲ್ಲ, ಬೆಳಿಗ್ಗೆ ಸಗಣಿ ಕಲಸುವ ಕೆಲಸ ಮನೆಯ ಹೆಣ್ಣುಮಕ್ಕಳ ತಲೆಗೇ ಬಂತು. ಒಂದು ಸಿಲಿಂಡರ್ ಬುಕ್ ಮಾಡಿದರೆ ಮನೆಬಾಗಿಲಿಗೆ ಬರುವಾಗ ಅವರು ಅದನ್ನು ಬಿಟ್ಟದ್ದರಲ್ಲಿ ತಪ್ಪು ಹುಡುಕಲಾರೆ. ಈಗ ಕಬ್ಬಿಣದ ಡ್ರಮ್ಮೇ ಇಲ್ಲದೆ ನೆಲದೊಳಗೆ ಇಟ್ಟಿಗೆಯ ಗುಮ್ಮಟ ಕಟ್ಟುವ ದೀನಬಂಧು ಮಾದರಿ ಇದೆ. ಕಲಸುವ ಕೆಲಸವನ್ನು ಗಂಡಸರೂ ಹಂಚಿಕೊಂಡರೆ ಲೆಕ್ಕ ಇನ್ನೂ ಚೆನ್ನಾಗಿ ಕೂಡುತ್ತದೆ.

ಸಿಲಿಂಡರೇ ಗತಿ ಎನ್ನುವವರಿಗೆ ಉಳಿತಾಯವಿರುವುದು ಸಣ್ಣ ಸಣ್ಣ ಕಡೆ. ಹುರುಳಿಯನ್ನೂ ಒಣ ಅವರೆಯನ್ನೂ ರಾತ್ರಿಯೇ ನೆನೆಹಾಕುವುದು. ಮುದ್ದೆಯ ಎಸರಿಗೆ ಮುಚ್ಚಳ ಮುಚ್ಚುವುದು. ಕುಕ್ಕರು ಕೂಗಿದ ಮೇಲೆ ಉರಿ ಸಣ್ಣ ಮಾಡುವುದು, ಏಕೆಂದರೆ ಕುದಿಯುವ ನೀರು ದೊಡ್ಡ ಉರಿಗೆ ಇನ್ನೂ ಬಿಸಿಯಾಗುವುದಿಲ್ಲ, ಆವಿಯಾಗಿ ಹೋಗುತ್ತದೆ ಅಷ್ಟೆ. ಇವು ಹೇಳಿ ಹೇಳಿ ಸವೆದುಹೋಗಿವೆ. ಆದರೂ ಎಷ್ಟೋ ಮನೆಗಳಲ್ಲಿ ಬರ್ನರಿನ ಜ್ವಾಲೆ ಪಾತ್ರೆಯ ತಳ ದಾಟಿ ಬದಿಗೆ ನೆಕ್ಕುತ್ತಲೇ ಇರುತ್ತದೆ.

ಗ್ಯಾಸಿಗಿಂತ ಕರೆಂಟಿನ ಕಥೆಗೆ ಸ್ವಾರಸ್ಯ ಹೆಚ್ಚು, ಏಕೆಂದರೆ ಅದು ಇಲ್ಲೇ ಹುಟ್ಟಿತು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನಿಂದ ತೆಗೆದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ತಂತಿಮಾರ್ಗಗಳಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿಗೆ ದೀಪ ಹತ್ತಿತು. ತಂತಿ ತಲೆಯ ಮೇಲೆ ಹಾದುಹೋದ ಹಳ್ಳಿಗಳು ಬುಡ್ಡಿದೀಪದಲ್ಲೇ ದಶಕಗಳನ್ನು ಕಳೆದವು. ಸೀಮೆಎಣ್ಣೆ ದುಬಾರಿ ಎಂದು ಊಟವಾದೊಡನೆ ದೀಪ ಆರಿಸುತ್ತಿದ್ದ ಮನೆಗಳು ಅವು. ‘ಯಾಕ್ಲಾ ಸುಮ್ಕೆ ದೀಪ ಉರಿಸ್ತಾ ಕೂತಿದ್ದೀಯೆ’ ಎಂಬ ಗದರಿಕೆ ಅಲ್ಲಿಂದ ಬಂದದ್ದು.

2023ರ ಆಗಸ್ಟಿನಿಂದ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ ಬಂದ ಮೇಲೆ ಆ ಗದರಿಕೆ ತಗ್ಗಿದೆ. ಕರೆಂಟು ಫ್ರೀ ಎಂದಾದ ಮೇಲೆ ಯಾರು ಗದರಿಸಬೇಕು? ಆದರೆ ಯೋಜನೆಯ ಒಳಗಿನ ಲೆಕ್ಕವನ್ನು ಬಹಳ ಮಂದಿ ಗಮನಿಸಿದಂತಿಲ್ಲ. 200 ಯೂನಿಟ್ ಎಲ್ಲರಿಗೂ ಪುಕ್ಕಟೆಯಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿದ್ದು ನಿಮ್ಮ ಪಾಲು ಎಂಬುದು ಯೋಜನೆ ಶುರುವಾದಾಗಿನ ಸೂತ್ರ. ಪಾಲು ದಾಟಿದರೆ ಹೆಚ್ಚಿನದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಸರಾಸರಿ 60 ಯೂನಿಟ್ ಉರಿಸುತ್ತಿದ್ದ ಮನೆಯ ಪಾಲು 66. ಹಳೆಯ ಸೀಲಿಂಗ್ ಫ್ಯಾನು 75 ವ್ಯಾಟಿನದು. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್ಟನ್ನು ಅದೊಂದೇ ನುಂಗುತ್ತದೆ. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಅದೇ ಗಾಳಿಗೆ ಹನ್ನೊಂದರಲ್ಲಿ ಮುಗಿಸುತ್ತದೆ. ರಿಮೋಟಿನಲ್ಲಿ ಮಾತ್ರ ಆರಿಸಿ ಮಲಗಿದ ಸೆಟ್‌ಟಾಪ್ ಬಾಕ್ಸು ರಾತ್ರಿಯಿಡೀ ಎಂಟು ಹತ್ತು ವ್ಯಾಟ್ ಎಳೆಯುತ್ತಲೇ ಇರುತ್ತದೆ. ಗೋಡೆಯ ಸ್ವಿಚ್ಚು ಆರಿಸುವುದಕ್ಕೆ ಖರ್ಚೇನೂ ಇಲ್ಲ.

ಕರೆಂಟನ್ನು ಎಲ್ಲಕ್ಕಿಂತ ಹೆಚ್ಚು ತಿನ್ನುವುದು ಸ್ನಾನದ ನೀರು. ಒಂದು ಬಕೆಟ್ ನೀರನ್ನು ಮೈಗೆ ಹಿತವಾಗುವಷ್ಟು ಬಿಸಿ ಮಾಡಲು ಸುಮಾರು 0.4 ಯೂನಿಟ್ ಬೇಕು. ನಾಲ್ಕು ಜನಕ್ಕೆ ತಿಂಗಳಿಗೆ 50. ಗೀಸರ್ ಹಾಕಿಸಿದ ಮನೆ ಗೃಹಜ್ಯೋತಿಯ ಪಾಲು ದಾಟುವುದು ಹೀಗೆ. ಹಂಡೆ ಒಲೆ ಇರುವವರು ತೆಂಗಿನ ಗರಿ, ಮಟ್ಟೆ, ಸಿಪ್ಪೆಯಲ್ಲಿ ಕಾಯಿಸಿಕೊಳ್ಳುತ್ತಾರೆ. ಒಲೆ ಮನೆಯ ಹೊರಗಿದ್ದು ಹೊಗೆ ಮೇಲಕ್ಕೆ ಹೋಗುವಂತಿದ್ದರೆ ನನ್ನ ತಕರಾರಿಲ್ಲ, ಕಾಗದ ಪ್ಲಾಸ್ಟಿಕ್ಕು ತುರುಕದಿದ್ದರೆ ಸರಿ. ಉಳಿದವರಿಗೆ ಸೋಲಾರ್ ವಾಟರ್ ಹೀಟರಿಗಿಂತ ಲಾಭದ ವಸ್ತು ಈ ಬಿಸಿಲು ಸೀಮೆಯಲ್ಲಿ ಮತ್ತೊಂದಿಲ್ಲ. ಚಾವಣಿಯ ಮೇಲೆ ವಿದ್ಯುತ್ತನ್ನೇ ತಯಾರಿಸುವ ಫಲಕಗಳಿಗೆ 2024ರಿಂದ ಕೇಂದ್ರ ಸರ್ಕಾರ 78,000 ರೂಪಾಯಿವರೆಗೆ ಸಹಾಯಧನ ಕೊಡುತ್ತಿದೆ. ಆದರೆ ಬಿಲ್ಲೇ ಬಾರದ ಮನೆಯವನು ಯಾಕೆ ಹಾಕಿಸಿಯಾನು? ಒಂದು ಸರ್ಕಾರದ ಫ್ರೀ ಇನ್ನೊಂದು ಸರ್ಕಾರದ ಸಹಾಯಧನವನ್ನು ಹೊಡೆದುಹಾಕುವ ಇಂಥ ಸಂದರ್ಭದಲ್ಲಿ ಮನೆಯವನ ವಿವೇಕವನ್ನು ಮಾತ್ರ ದೂರುವುದು ನ್ಯಾಯವಲ್ಲ.

ನೀರಿನ ಮಾತಿಗೆ ಬಂದರೆ ಮಂಡ್ಯದವರಿಗೆ ಉಪದೇಶ ಮಾಡುವ ಧೈರ್ಯ ಯಾರಿಗೂ ಬರಬಾರದು. 2023ರ ಬರದಲ್ಲಿ ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಗದ್ದೆಯ ಬದುವಿನ ಮೇಲೆ ಕಾದವರು ಇವರು. ಆದರೂ ಒಂದು ಲೆಕ್ಕವನ್ನು ಮುಚ್ಚಿಡಬಾರದು. ಕಬ್ಬಿಗೆ ಬೆಳೆಯ ಅವಧಿಯಲ್ಲಿ 1500ರಿಂದ 2500 ಮಿಲಿಮೀಟರ್ ನೀರು ಬೇಕು. ಮಧ್ಯದ 2000 ಹಿಡಿದರೆ ಎಕರೆಗೆ ಸುಮಾರು 80 ಲಕ್ಷ ಲೀಟರ್. ತಲೆಗೆ ದಿನಕ್ಕೆ 135 ಲೀಟರ್‌ನಂತೆ ನಾಲ್ಕು ಜನರ ಮನೆ ವರ್ಷವಿಡೀ ಬಳಸುವುದು ಎರಡು ಲಕ್ಷ ಲೀಟರಿಗೂ ಕಡಿಮೆ. ಒಂದು ಎಕರೆ ಕಬ್ಬಿನ ನೀರಿನಲ್ಲಿ ನಲವತ್ತು ಮನೆ ವರ್ಷ ಕಳೆಯುತ್ತವೆ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿದರೆ ಕನ್ನಂಬಾಡಿ ತುಂಬುತ್ತದೆ ಎಂದು ಮಕ್ಕಳಿಗೆ ಹೇಳುವುದು ಸುಳ್ಳು. ನಲ್ಲಿ ನಿಲ್ಲಿಸಬೇಕಾದ್ದು ಬೇರೆ ಕಾರಣಕ್ಕೆ. ನೀರನ್ನು ಓವರ್‌ಹೆಡ್ ಟ್ಯಾಂಕಿಗೆ ಏರಿಸಿದ ಮೋಟಾರಿನ ಕರೆಂಟಿಗೆ, ಬೇಸಿಗೆಯಲ್ಲಿ ಕೊಳ್ಳುವ ಟ್ಯಾಂಕರಿನ ದುಡ್ಡಿಗೆ, ಚರಂಡಿಯಲ್ಲಿ ನಿಂತು ಸೊಳ್ಳೆ ಸಾಕುವ ಕೊಳಚೆಗೆ. ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕುವ ನಲ್ಲಿ ದಿನಕ್ಕೆ 20 ಲೀಟರಿಗೂ ಹೆಚ್ಚು ಹರಿಸುತ್ತದೆ. ಅದಕ್ಕೆ ಬೇಕಾದ ವಾಷರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಮನೆಯ ನಲ್ಲಿಯ ಲೆಕ್ಕ ನಿಜವಾಗಿ ದೊಡ್ಡದಾಗುವುದು ಬೆಂಗಳೂರಿನಲ್ಲಿ, ಅದೂ ಮಳವಳ್ಳಿಯ ದೆಸೆಯಿಂದ. ಇದೇ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ, ಅಂದರೆ ಟಿ.ಕೆ. ಹಳ್ಳಿಯಿಂದ, ಕಾವೇರಿ ನೀರು ನೂರು ಕಿಲೋಮೀಟರ್ ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ರಾಜಧಾನಿ ಸೇರುತ್ತದೆ. 2024ರ ಅಕ್ಟೋಬರಿನಲ್ಲಿ ಚಾಲನೆಯಾದ ಐದನೇ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ತಳ್ಳಲು, ಪಂಪಿನ ನಷ್ಟ ಸೇರಿಸಿದರೆ, ಎರಡು ಯೂನಿಟ್ಟಿನ ಹತ್ತಿರ ಹತ್ತಿರ ವಿದ್ಯುತ್ತು ಬೇಕಾಗುತ್ತದೆ. ವರ್ಷಗಳ ಕಾಲ ಬೆಂಗಳೂರಿನ ಮನೆಗಳು ಮೊದಲ ಎಂಟು ಸಾವಿರ ಲೀಟರಿಗೆ ಕೊಟ್ಟದ್ದು ಸಾವಿರಕ್ಕೆ 7 ರೂಪಾಯಿಯಂತೆ. ಎತ್ತಿ ತರುವ ಕರೆಂಟಿನ ಖರ್ಚೇ ಅದನ್ನು ಮೀರುತ್ತಿತ್ತು. ಅಗ್ಗದ ನೀರಿಗೆ ಯಾರೂ ಮರ್ಯಾದೆ ಕೊಡಲಿಲ್ಲ. 2024ರ ಮಾರ್ಚಿನಲ್ಲಿ ಬೋರ್‌ವೆಲ್ಲುಗಳು ಒಣಗಿದಾಗ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಬೇಕಾಯಿತು. ನಲ್ಲಿಯ ಬಾಯಿಗೆ ಏರೇಟರ್ ಎಂಬ ಸಣ್ಣ ಬಿರಡೆ ಸಿಕ್ಕಿಸಿದರೆ ಧಾರೆ ಸಣ್ಣದಾಗಿ ನೀರು ಅರ್ಧಕ್ಕಿಂತ ಕಡಿಮೆ ಸಾಕಾಗುತ್ತದೆ ಎಂಬುದು ಆಗ ಊರಿಗೆಲ್ಲ ತಿಳಿಯಿತು. ಬೆಂಗಳೂರಿನಲ್ಲಿ ಮನೆ ಮಾಡಿರುವ ಮಂಡ್ಯದವರು ಲೆಕ್ಕವಿಲ್ಲದಷ್ಟು ಜನ. ಊರಿನ ನದಿಗಾಗಿ ಅವರು ದಿನವೂ ಮಾಡಬಹುದಾದ ಚಳವಳಿ ಆ ಬಿರಡೆ.

ಮಳೆಯ ನೀರಿಗೆ ಪಂಪೂ ಬೇಡ, ಬಿಲ್ಲೂ ಇಲ್ಲ. ಮಂಡ್ಯ ಜಿಲ್ಲೆಗೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಹತ್ತು ಚದರದ ತಾರಸಿಯ ಮೇಲೆ ಅದು 65,000 ಲೀಟರ್. ಐದರಲ್ಲಿ ಒಂದು ಪಾಲು ಕೈಬಿಟ್ಟರೂ 50,000 ಲೀಟರ್ ಹಿಡಿಯಬಹುದು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಅವರು ಬೆಂಗಳೂರಿನ ವಿಜಯನಗರದ ‘ಸೌರಭ’ ಎಂಬ ತಮ್ಮ ಮನೆಯಲ್ಲಿ 1995ರಿಂದ ಜಲಮಂಡಳಿಯ ಸಂಪರ್ಕವೇ ಇಲ್ಲದೆ ಮಳೆನೀರಿನಲ್ಲಿ ಸಂಸಾರ ನಡೆಸಿ ತೋರಿಸಿದರು. ಎಲ್ಲರಿಗೂ ಅಷ್ಟು ಸಾಧ್ಯವಾಗಲಿಕ್ಕಿಲ್ಲ. ಆದರೆ ಬೇಳೆ ಬೇಯದ, ಸೋಪು ನೊರೆ ಬಾರದ, ಗೀಸರಿನ ಕಾಯಿಲ್ಲಿಗೆ ಬಿಳಿ ಪದರ ಕಟ್ಟುವ ಬೋರ್‌ವೆಲ್ ನೀರಿನ ಊರುಗಳಲ್ಲಿ ಅಡುಗೆಗೂ ಬಟ್ಟೆಗೂ ಒಂದು ಡ್ರಮ್ ಮಳೆನೀರು ಇಟ್ಟುಕೊಂಡರೂ ಸಾಕು, ವ್ಯತ್ಯಾಸ ಗ್ಯಾಸಿನಲ್ಲೂ ಸೋಪಿನಲ್ಲೂ ಕಾಣುತ್ತದೆ. ಮುಚ್ಚಳ ಮಾತ್ರ ಭದ್ರವಾಗಿರಲಿ. ತೆರೆದ ತೊಟ್ಟಿ ಎಂದರೆ ಡೆಂಗಿ.

ಮನೆಯ ಲಾಭವೂ ಪರಿಸರದ ಲಾಭವೂ ಒಂದೇ ಕಡೆ ಸೇರಿದ್ದಕ್ಕೆ ಈ ಸೀಮೆಯಲ್ಲಿ ಕೊಕ್ಕರೆ ಬೆಳ್ಳೂರಿಗಿಂತ ಹಳೆಯ ಸಾಕ್ಷಿ ಬೇಕಿಲ್ಲ. ಮದ್ದೂರು ತಾಲ್ಲೂಕಿನ ರುದ್ರಾಕ್ಷಿಪುರದಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಸಿಗುವ ಊರು. ಅಲ್ಲಿನ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವೆಯೇ ಗೂಡು ಕಟ್ಟುತ್ತವೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು 1976ರಲ್ಲಿ ಈ ಊರನ್ನು ಹೊರಜಗತ್ತಿಗೆ ಪರಿಚಯಿಸಿದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಊರಿನವರು ಮರದ ಬುಡದಲ್ಲಿ ಗುಂಡಿ ತೆಗೆದು ಹಿಕ್ಕೆಯನ್ನು ಸಂಗ್ರಹಿಸಿ, ಕೆರೆಯ ಗೋಡುಮಣ್ಣಿನ ಜೊತೆ ಬೆರೆಸಿ ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಗೂಡಿರುವ ಮರದ ಹುಣಸೆಹಣ್ಣಿಗೆ ಕೈ ಹಾಕುತ್ತಿರಲಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡಲು ಶುರು ಮಾಡಿದ್ದು ಆಮೇಲೆ. ವಾಸನೆ, ಗಲೀಜು, ತಲೆಯ ಮೇಲೆ ಬೀಳುವ ಮೀನಿನ ಚೂರು, ಇಷ್ಟನ್ನೂ ಊರು ಸಹಿಸಿಕೊಂಡದ್ದರಲ್ಲಿ ಪಕ್ಷಿಪ್ರೀತಿಯ ಜೊತೆಗೆ ಗೊಬ್ಬರದ ಲೆಕ್ಕವೂ ಇತ್ತು. ಅದರಿಂದ ಪ್ರೀತಿಯ ಬೆಲೆ ಕಡಿಮೆಯಾಗುತ್ತದೆ ಎಂದು ನನಗನಿಸುವುದಿಲ್ಲ.

ಇಷ್ಟೆಲ್ಲ ಪೈಸೆ ಪೈಸೆ ಲೆಕ್ಕ ಹಾಕುವ ಮನೆ ಒಂದು ದಿನ ಮಾತ್ರ ಲೆಕ್ಕ ಮರೆಯುತ್ತದೆ. ಅದು ಬೀಗರ ಊಟದ ದಿನ. ಮರಿಯ ಬೆಲೆಗೆ ಸಂತೆಯಲ್ಲಿ ಟವಲ್ಲಿನ ಅಡಿ ಬೆರಳು ಹಿಡಿದು ಅರ್ಧ ಗಂಟೆ ಚೌಕಾಸಿ ಮಾಡಿದ ಯಜಮಾನ, ಎಲೆಯ ಪಕ್ಕದಲ್ಲಿಡುವ ನೀರಿನ ಬಾಟಲಿಯ ಬೆಲೆ ಕೇಳುವುದಿಲ್ಲ. ಸಾವಿರ ಜನಕ್ಕೆ ಸಾವಿರದೈನೂರು ಬಾಟಲಿ. ಅರ್ಧ ಕುಡಿದದ್ದು, ಮುಚ್ಚಳ ತೆಗೆದು ಕೈ ತೊಳೆದದ್ದು, ಮಕ್ಕಳು ಹಿಂಡಿ ಆಡಿದ್ದು. ರಾತ್ರಿ ಕಲ್ಯಾಣ ಮಂಟಪದ ಹಿಂದೆ ಅವಕ್ಕೆ ಬೆಂಕಿ. ರಾಜ್ಯ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ತಟ್ಟೆ, ಲೋಟ, ಮೇಜಿಗೆ ಹಾಸುವ ಹಾಳೆಗಳನ್ನು ನಿಷೇಧಿಸಿತು. ಆಮೇಲೆ ಬಂದ ಬೆಳ್ಳಿ ಬಣ್ಣದ ಕಾಗದದ ತಟ್ಟೆಯ ಮೈಮೇಲೂ ಪ್ಲಾಸ್ಟಿಕ್ ಪದರವೇ. ಹಸು ತಿನ್ನುವಂತಿಲ್ಲ, ಮಣ್ಣು ಕರಗಿಸುವಂತಿಲ್ಲ.

ಇನ್ನೂರು ಮಿಲಿಲೀಟರಿನ ಬಾಟಲಿಗೆ ಸಗಟಿನಲ್ಲಿ ಐದು ರೂಪಾಯಿ ಎಂದೇ ಇಟ್ಟುಕೊಳ್ಳಿ. ನೂರು ಬಾಟಲಿ ಸೇರಿದರೆ 20 ಲೀಟರ್, 500 ರೂಪಾಯಿ. ಅಷ್ಟೇ ನೀರು ಎಷ್ಟೋ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯಕ್ಕೆ ಸಿಗುತ್ತದೆ. ಹದಿನೈದು ಕ್ಯಾನು ತರಿಸಿ, ಸ್ಟೀಲ್ ಲೋಟ ಬಾಡಿಗೆಗೆ ತಂದರೆ ಸಾವಿರ ಜನದ ಊಟಕ್ಕೆ ನೀರಿನ ಖರ್ಚು 7500ರಿಂದ ನೂರರ ಆಸುಪಾಸಿಗೆ ಇಳಿಯುತ್ತದೆ. ಉಳಿದ ದುಡ್ಡಿನಲ್ಲಿ ಲೋಟದ ಬಾಡಿಗೆ, ಬಡಿಸುವ ಹುಡುಗರ ಭಕ್ಷೀಸು, ತೊಳೆಯುವ ನಾಲ್ಕು ಹೆಂಗಸರ ಎರಡು ದಿನದ ಕೂಲಿ ಎಲ್ಲ ಮುಗಿದು, ಕಾರ್ಖಾನೆಗೆ ಹೋಗುತ್ತಿದ್ದ ಹಣ ಊರಲ್ಲೇ ಉಳಿಯುತ್ತದೆ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ-ಲೋಟಗಳನ್ನು ಕೊಟ್ಟು ಪಡೆಯುವ ತಟ್ಟೆ ಬ್ಯಾಂಕ್ ನಡೆಸುತ್ತಿದೆ. ಹಳ್ಳಿಯ ದೇವಸ್ಥಾನಗಳಲ್ಲಿ ಪಾತ್ರೆ-ಪರಾತ ಇಟ್ಟು ಮದುವೆಗೆ ಕೊಡುವ ಪದ್ಧತಿಯಂತೂ ಹಳೆಯದೇ. ಸ್ತ್ರೀಶಕ್ತಿ ಸಂಘವೊಂದು ಐನೂರು ತಟ್ಟೆ, ಐನೂರು ಲೋಟ ಕೊಂಡಿಟ್ಟರೆ ಒಂದು ಲಗ್ನದ ಸೀಸನ್ನಿನಲ್ಲೇ ಬಂಡವಾಳದ ದೊಡ್ಡ ಪಾಲು ವಾಪಸು ಬರುವ ವ್ಯಾಪಾರ ಇದು.

ಅಡ್ಡಿ ಇರುವುದು ದುಡ್ಡಿನದಲ್ಲ, ಮರ್ಯಾದೆಯದು. ‘ಬೀಗರ ಮುಂದೆ ಲೋಟದಲ್ಲಿ ನೀರು ಕೊಟ್ರೆ ಏನಂದ್ಕತಾರೆ’ ಎಂಬ ಮಾತು. ಇದೇ ಮದ್ದೂರಿನ ಎಪಿಎಂಸಿಯಲ್ಲಿ ದಿನಬೆಳಗಾದರೆ ಎಳನೀರು ಲೋಡಾಗಿ ಮುಂಬೈ, ದೆಹಲಿಗೆ ಲಾರಿ ಹೊರಡುತ್ತದೆ. ಅದೇ ಊರಿನ ಛತ್ರದಲ್ಲಿ ಬೀಗರನ್ನು ಬಾಗಿಲಲ್ಲಿ ಎದುರುಗೊಳ್ಳುವುದು ಮಾತ್ರ ಬಣ್ಣದ ನೀರಿನ ಬಾಟಲಿ. ಯಾರಾದರೊಬ್ಬ ದೊಡ್ಡ ಗೌಡರ ಮನೆಯಲ್ಲಿ ಮೊದಲು ಎಳನೀರು ಕೊಚ್ಚಿ ಕೊಡಲಿ, ಸ್ಟೀಲ್ ಲೋಟದಲ್ಲಿ ನೀರು ಬರಲಿ. ಮುಂದಿನ ಲಗ್ನದ ಹೊತ್ತಿಗೆ ‘ಅವರ ಮನೇಲೇ ಹಂಗೆ ಮಾಡವ್ರೆ’ ಎಂದು ಉಳಿದವರೂ ಅಡುಗೆ ಕಂಟ್ರಾಕ್ಟರ್ ಕೈಲಿರುವ ಪಟ್ಟಿಯಿಂದ ಬಾಟಲಿಯ ಸಾಲನ್ನು ಹೊಡೆಸಿಹಾಕುತ್ತಾರೆ.